ನಾಲಿಗೆಗೆ ಮುಟ್ಟಿಸದ ಬೆಲ್ಲ

"ಗುರುಗಳೇ, ಊರೆಲ್ಲ ಅರಿಶಿನವನ್ನು ಬಂದಷ್ಟಕ್ಕೆ ಮಾರಿ ಕೈತೊಳೆದುಕೊಳ್ಳುತ್ತಿದೆ. ಎಲ್ಲರೂ ಬಿಟ್ಟದ್ದನ್ನು ಹಿಡಿದವನೇ ಗೆಲ್ಲುತ್ತಾನಂತೆ. ಅಪ್ಪ ಬಿಟ್ಟುಹೋದ ಅಂಗಡಿ ಮಾರಿ ಅರಿಶಿನ ತುಂಬಲೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕೈಗೆ ಒಂದು ಲೋಟ ಬೆಲ್ಲದ ಪಾನಕ ಕೊಟ್ಟು ಹೇಳತೊಡಗಿದರು.

"ನಮ್ಮ ಕಾಲದ ಬೆಲ್ಲದ ಮಂಡಿಯನ್ನು ನೀನು ನೋಡಬೇಕಿತ್ತು ಕಣಯ್ಯ. ಗಾಡಿಗಳು ಬಂದು ನಿಂತರೆ ಮೂರು ಊರಾಚೆಯ ಇರುವೆಗಳು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದವು. ಅಲ್ಲೊಬ್ಬ ವರ್ತಕನಿದ್ದ. ನಾಲಿಗೆಯೆಂದರೆ ಅವನದು! ಚೂರು ಬೆಲ್ಲ ಇಟ್ಟರೆ ಸಾಕು, ಕಬ್ಬು ಯಾವ ಬಾವಿಯ ನೀರು ಕುಡಿದಿದೆ, ಆ ಬಾವಿಯಲ್ಲಿ ಎಷ್ಟು ಕಪ್ಪೆಗಳಿವೆ ಎಂದು ಹೇಳುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ, ಒಂದೆರಡು ಕಪ್ಪೆ ಹೆಚ್ಚುಕಡಿಮೆ ಆಗಿರಬಹುದು.

ಒಂದು ವರ್ಷ ಎಲ್ಲರೂ ಹೊನ್ನಿನ ಬಣ್ಣದ ಬೆಲ್ಲಕ್ಕೆ ಮುಗಿಬಿದ್ದರು. ಮೂಲೆಯಲ್ಲಿ ಕಪ್ಪು ಬೆಲ್ಲ ಕೇಳುವವರಿಲ್ಲದೆ ಬಿದ್ದಿತ್ತು. ವರ್ತಕ ಒಂದು ಅಚ್ಚು ಒಡೆದ, ಚೂರನ್ನು ಬಾಯಿಗೆ ಹಾಕಿಕೊಂಡ, ಅಷ್ಟನ್ನೂ ಕೊಂಡ. ಮಂಡಿಗೆ ಮಂಡಿಯೇ ನಕ್ಕಿತು. ಮಳೆಗಾಲದಲ್ಲಿ ಹೊನ್ನಿನ ಬೆಲ್ಲ ಬೆವರಿ ನೀರಾಯಿತು. ಹದವಾಗಿ ಬೆಂದಿದ್ದ ಕಪ್ಪು ಬೆಲ್ಲ ಕಲ್ಲಿನಂತೆ ಉಳಿಯಿತು. ನಕ್ಕವರೇ ಬಂದು ಬಾಗಿಲಲ್ಲಿ ನಿಂತರು. ಆಹಾ, ಎಂಥ ದಿನಗಳು! ಅವನು ನಡೆದುಬಂದರೆ ಮಲಗಿದ್ದ ಎತ್ತುಗಳೂ ಎದ್ದು ನಿಲ್ಲುತ್ತಿದ್ದವು.

ಮರುವರ್ಷ ಮಂಡಿಗೆ ಬಂದವನೇ, 'ಜನ ಈ ಸಲ ಯಾವುದನ್ನು ಬಿಟ್ಟಿದ್ದಾರೆ?' ಎಂದು ಕೇಳಿದ. ಮೂಲೆಯ ರಾಶಿಯನ್ನು ತೋರಿಸಿದರು. ಬೆಲ್ಲ ತಂದಿದ್ದ ರೈತ ಪ್ರಾಮಾಣಿಕ. 'ಸ್ವಾಮಿ, ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ' ಎಂದ.

'ಜನ ಬೇಡ ಎಂದರಲ್ಲ, ಇನ್ನು ನೋಡುವುದೇನು? ಅಷ್ಟನ್ನೂ ನನ್ನ ಗಾಡಿಗೆ ಹೇರಯ್ಯ!'

ಅದು ಉಪ್ಪು ಹಿಡಿದ ಚೌಳು ಮಣ್ಣಿನ ಕಬ್ಬಿನ ಬೆಲ್ಲ. ಮಳೆ ಬಂತು, ಹೋಯಿತು. ಕೊಳ್ಳಲು ಯಾರೂ ಬರಲಿಲ್ಲ. ಇರುವೆಗಳು ಕೂಡ ಮೂಸಿ ನೋಡಿ ಹಿಂದಿರುಗಿದವು. ಅಂಗಡಿ ಹೋಯಿತು, ಮನೆ ಹೋಯಿತು. ಬೆಲ್ಲ ಮಾತ್ರ ಉಳಿಯಿತು."

ಶಿಷ್ಯ ಆಗ ನೆನಪಾಗಿ ಪಾನಕದ ಒಂದು ಗುಟುಕು ಕುಡಿದ. ಮುಖ ಕಿವುಚಿದ.

"ಗುರುಗಳೇ, ಇದು ಉಪ್ಪುಪ್ಪು!"

"ಮೂವತ್ತು ವರ್ಷದಿಂದ ಕುಡಿಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ," ಎಂದು ಗುರುಗಳು ನಕ್ಕರು.

ಶಿಷ್ಯ ಲೋಟವನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದ.

"ಅದಿರಲಿ," ಎಂದರು ಗುರುಗಳು, "ನೀನು ಅರಿಶಿನದ ಒಂದು ಕೊಂಬನ್ನಾದರೂ ಮುರಿದು ನೋಡಿದೆಯಾ?"