ಹಲ್ಲಿನಲ್ಲಿ ಕಚ್ಚಿದ ದಾರ

"ಗುರುಗಳೇ, ನಾನು ಬರೆದ ವಿಂಡೋವನ್ನು ಇನ್ನೊಬ್ಬರ ಕೈಗೆ ಪೂರಾ ಕೊಟ್ಟುಬಿಟ್ಟರೆ ಆಮೇಲೆ ನನ್ನದು ಅಂತ ಏನು ಉಳಿಯುತ್ತದೆ?" ಎಂದು ನಾಗವೇಣಿ ಕೇಳಿದಳು.

ನಾಗವೇಣಿ ಕೆಲಸ ಮಾಡುವ ಕಡೆ ಕಂಪ್ಯೂಟರಿನೊಳಗೆ ಗೊಂಬೆ ಕಟ್ಟಿ ಸಿನಿಮಾ ಮಾಡುತ್ತಾರೆ. ಸುತ್ತಲೂ ತಿರುಗಿಸಿ ನೋಡಬಹುದಾದ ಗೊಂಬೆ. ಅದನ್ನು ಕುಣಿಸಲು ಪರದೆಯ ಮೇಲೆ ಒಂದು ಚೌಕ ತೆರೆದುಕೊಳ್ಳುತ್ತದೆ. ಅದಕ್ಕೆ ವಿಂಡೋ ಎನ್ನುತ್ತಾರೆ. ಅದರ ತುಂಬ ಒತ್ತುವ ಗುಂಡಿಗಳು, ಅತ್ತಿತ್ತ ಜರುಗಿಸುವ ಕಡ್ಡಿಗಳು. ಒಂದೊಂದು ಗೊಂಬೆಗೂ ಬೇರೆ ವಿಂಡೋ ಬೇಕು. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಕಂಪ್ಯೂಟರಿಗೆ ಸಾಲುಸಾಲಾಗಿ ಅಪ್ಪಣೆ ಕೊಡುವ ಸ್ಕ್ರಿಪ್ಟ್ ಬರೆದೇ ಹುಟ್ಟಿಸಬೇಕು.

ಆನೆಮರಿಯ ವಿಂಡೋ ಬರೆದವಳು ನಾಗವೇಣಿ. ಗುಂಡಿಗಳಿಗೆ ತನಗೆ ಮಾತ್ರ ತಿಳಿಯುವ ಹೆಸರು ಇಟ್ಟಿದ್ದಳು. ಮರಿ ಕಿವಿ ಬೀಸಬೇಕಾದರೂ ಕುಣಿಸುವವರು ಅವಳನ್ನೇ ಕೂಗಬೇಕು. ಎಲ್ಲರಿಗೂ ತಿಳಿಯುವ ಹಾಗೆ ತಿದ್ದು, ಸ್ಕ್ರಿಪ್ಟನ್ನೂ ನಮಗೆ ಕೊಡು ಎಂದು ಈಗ ಅವರೆಲ್ಲ ಸೇರಿ ಕೇಳಿದ್ದರು. ಕೊಡುವುದಿಲ್ಲ ಎಂದು ಇವಳು ಹಟ ಹಿಡಿದಿದ್ದಳು. ಆನೆಮರಿ ಅರ್ಧ ದಾರಿಯಲ್ಲಿ ಒಂದು ಕಾಲೆತ್ತಿಕೊಂಡು ನಿಂತಿತ್ತು.

ನಾನು ದಾರದ ಗೊಂಬೆ ಕುಣಿಸಿದವನು. ಅಲ್ಲಿನ ಹುಡುಗ ಹುಡುಗಿಯರಿಗೆ ಗೊಂಬೆಯ ನಡಿಗೆ ಹೇಳಿಕೊಡಲು ನನ್ನನ್ನು ಕರೆಸುತ್ತಾರೆ. ನಾನು ಕುಣಿಸಿದ ಮರದ ಕುದುರೆ ಆಟ ಮುಗಿದ ಮೇಲೆ ಹುರುಳಿ ಕೇಳುತ್ತಿತ್ತು ಎಂದರೆ ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ.

"ಕೂತುಕೋ ತಾಯಿ, ಒಂದು ಕತೆ ಇದೆ" ಎಂದೆ.

"ನಿಜವಾದದ್ದೋ, ನಿಮ್ಮದೋ?"

"ನಿಜವಾದದ್ದಕ್ಕಿಂತ ಗಟ್ಟಿ" ಎಂದು ಶುರು ಮಾಡಿದೆ.

ಒಬ್ಬ ಗೊಂಬೆಯಾಟದವನಿದ್ದ. ಅವನು ಒಂದು ಮುದುಕಿಯ ಗೊಂಬೆ ಕಟ್ಟಿದ. ಆ ಮುದುಕಿ ತನ್ನ ಪಾಲಿನ ಮುದ್ದೆಯನ್ನು ಮೊಮ್ಮಗುವಿನ ತಟ್ಟೆಗೆ ಹಾಕಿ, ತಾನು ಉಂಡವಳಂತೆ ಬಾಯಿ ಒರೆಸಿಕೊಂಡು ನಗುತ್ತಿದ್ದಳು. ಅಷ್ಟೇ ಆಟ. ಅದನ್ನು ನೋಡಿ ಜನ ಎಷ್ಟು ಅಳುತ್ತಿದ್ದರೆಂದರೆ ಅಂಗಳ ಕೆಸರಾಗುತ್ತಿತ್ತು. ಮಾರನೆಯ ದಿನ ಅಲ್ಲೇ ಸೊಪ್ಪು ಬಿತ್ತುತ್ತಿದ್ದರು. ಆ ಸೊಪ್ಪಿನ ಸಾರಿಗೆ ಉಪ್ಪು ಹಾಕುವ ಅಗತ್ಯವಿರಲಿಲ್ಲ.

ಆ ಗೊಂಬೆಯ ದಾರಗಳನ್ನು ಬೇರೆ ಯಾರೂ ಕದಿಯಬಾರದೆಂದು ಅವನು ತಿರುಗಾಮುರುಗಾ ಕಟ್ಟಿದ್ದ. ಎಡಗೈಯ ದಾರ ಬಲಕ್ಕೆ, ಕತ್ತಿನ ದಾರ ಕಾಲಿನ ಸಂದಿಗೆ. ಅವನಲ್ಲದೆ ಇನ್ನೊಬ್ಬರು ಮುಟ್ಟಿದರೆ ಮುದುಕಿ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಇದು ಅವನಿಗೆ ದೊಡ್ಡ ಹೆಮ್ಮೆ.

ಆದರೆ ವಯಸ್ಸಾಗುತ್ತ ಒಂದು ಆಸೆ ಅವನನ್ನು ಹಿಡಿದುಕೊಂಡಿತು. ಊರೂರೇ ಅತ್ತಿದೆ, ಅವನು ಮಾತ್ರ ತನ್ನ ಮುದುಕಿ ಬಾಯಿ ಒರೆಸಿಕೊಳ್ಳುವುದನ್ನು ಎದುರಿನಿಂದ ನೋಡಿಲ್ಲ. ಯಾವಾಗಲೂ ಪರದೆಯ ಹಿಂದೆ. ಅವನು ಕಂಡದ್ದು ಅವಳ ನೆತ್ತಿ, ಬೆನ್ನು. ಸಾಯುವುದರೊಳಗೆ ಒಮ್ಮೆ ನೋಡಿಯೇ ತೀರುತ್ತೇನೆ ಎಂದು ನಿಶ್ಚಯಿಸಿದ.

ಎದುರಿಗೆ ಕನ್ನಡಿ ತೂಗುಹಾಕಿದ. ಅದರಲ್ಲಿ ಪರದೆಯ ಮೇಲಿಂದ ಇಣುಕುವ ತನ್ನದೇ ಬೆವತ ಮುಖ ಕಂಡಿತು. ಊರುದ್ದದ ದಾರ ಕಟ್ಟಿಕೊಂಡು ಜನರ ಹಿಂದೆ ಹೋಗಿ ನಿಂತ. ಎಳೆದಾಗ ದಾರಕ್ಕೆ ಸಿಕ್ಕಿ ಗೌಡರ ರುಮಾಲು ಮೇಲೆದ್ದು, ಮುದುಕಿಗಿಂತ ಚೆನ್ನಾಗಿ ಕುಣಿಯಿತು. ಜನ ನಕ್ಕರು. ಅವನು ನಗಲಿಲ್ಲ.

ಕೊನೆಗೆ ಹೆಂಡತಿಯನ್ನು ಕರೆದ. "ಒಂದು ಆಟಕ್ಕೆ ನೀನು ಹಿಡಿ" ಎಂದ.

"ನಗಿಸುವುದು ಹೇಗೆ, ಹೇಳಿ" ಎಂದಳು.

"ಬಲಗಡೆಯದನ್ನು ಸಡಿಲ ಬಿಡು, ಹೆಬ್ಬೆರಳಿನದನ್ನು ಎಳೆ, ಹಲ್ಲಿನಲ್ಲಿ ಕಚ್ಚಿರುವುದನ್ನು ಮೆಲ್ಲಗೆ..."

"ಹಲ್ಲಿನಲ್ಲೂ ಒಂದಿದೆಯೇ?"

"ಇದೆ."

"ಹಾಗಾದರೆ ನಿಮ್ಮ ಬಾಯನ್ನೂ ಇಲ್ಲಿ ಬಿಚ್ಚಿಟ್ಟು ಹೋಗಿ" ಎಂದಳು.

ಅವನು ಎದ್ದು ಕತ್ತರಿ ತಂದು ದಾರಗಳನ್ನೆಲ್ಲ ಕತ್ತರಿಸಿ ಹಾಕಿದ.

ಮೊದಲಿನಿಂದ ಕಟ್ಟಲು ಕೂತ. ಈ ಸಲ ಯಾವ ದಾರ ಯಾವ ಕೀಲನ್ನು ಎಳೆಯುತ್ತದೆ ಎಂದು ಅವನು ಯೋಚಿಸಲಿಲ್ಲ. ಮುದುಕಿಯಿಂದ ಏನು ಮಾಡಿಸಬೇಕು ಎಂದು ಯೋಚಿಸಿದ. ನಗುವಿಗೆ ಬೇಕಾದ ದಾರಗಳನ್ನೆಲ್ಲ ಒಂದು ಹಿಡಿಗೆ ಸೇರಿಸಿ ಅದಕ್ಕೆ ಹಳದಿ ಬಟ್ಟೆ ಸುತ್ತಿದ. ಬಾಯಿ ಒರೆಸುವುದಕ್ಕೆ ಬಿಳಿ, ತಟ್ಟೆಯ ಕಡೆ ಕಣ್ಣು ಹೊರಳಿಸುವುದಕ್ಕೆ ಕೆಂಪು. ಮುಟ್ಟಬಾರದ ದಾರಗಳನ್ನು ಹಲಗೆಯ ಹಿಂದೆ ಮುಚ್ಚಿದ. ಹೆಂಡತಿಯ ಕೈ ಎತ್ತ ಹೋಗುತ್ತದೋ ಅತ್ತ ಹಿಡಿ ಇಟ್ಟ. ಅವಳು ತಪ್ಪು ಎಳೆದಾಗಲೆಲ್ಲ ಅವಳನ್ನು ಬೈಯಲಿಲ್ಲ. ದಾರವನ್ನು ಬೈದು, ಬಿಚ್ಚಿ, ಮತ್ತೆ ಕಟ್ಟಿದ. ಬೆರಳು ಸವೆದು ಉಗುರು ಮಾತ್ರ ಉಳಿಯಿತು. ಬಿಡಲಿಲ್ಲ. ಕಡೆಗೆ ಬೇಲಿಯ ಮೇಲಿನ ಓತಿಕ್ಯಾತವೂ ಬಂದು ಹಳದಿ ಹಿಡಿ ಎಳೆದು ಮುದುಕಿಯನ್ನು ನಗಿಸಿ ಹೋಯಿತು ಎನ್ನುತ್ತಾರೆ. ನಾನು ನಂಬುತ್ತೇನೆ.

ಆಟದ ದಿನ ಅವನು ಮೊದಲ ಬಾರಿಗೆ ಜನರ ನಡುವೆ ಕೂತ. ಮುದುಕಿ ಮುದ್ದೆಯನ್ನು ಮಗುವಿಗೆ ಹಾಕಿದಳು. ಬಾಯಿ ಒರೆಸಿಕೊಂಡಳು. ಅಲ್ಲಿ ಅವನು ಯಾವಾಗಲೂ ನಗಿಸುತ್ತಿದ್ದ. ಹೆಂಡತಿ ನಗಿಸಲಿಲ್ಲ. ಕೆಂಪು ಹಿಡಿ ಎಳೆದಳು. ಮುದುಕಿ ಖಾಲಿ ತಟ್ಟೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನಕ್ಕಳು.

ಆ ನೋಟವನ್ನು ತಡೆಯಲು ಅವನ ಕೈ ತಾನಾಗಿ ಮೇಲೆದ್ದಿತ್ತು. ಕೈಯಲ್ಲಿ ದಾರವಿರಲಿಲ್ಲ. ಅವನು ಕೈ ಇಳಿಸಿದ. ಕಣ್ಣು ತುಂಬಿಕೊಂಡಿತು.

ಪಕ್ಕದಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಕೂತಿದ್ದ. ಅವನೂ ಮೂಗು ಒರೆಸಿಕೊಳ್ಳುತ್ತಿದ್ದ. "ಅಲ್ಲ ಸ್ವಾಮಿ, ಈ ಮುದುಕಿಯನ್ನು ಕಟ್ಟಿದ ಪುಣ್ಯಾತ್ಮ ಯಾರು?" ಎಂದು ಕೇಳಿದ.

"ಯಾರೋ ಇರಬೇಕು. ನೀವು ಆ ಕಡೆ ನೋಡಿ" ಎಂದ ಗೊಂಬೆಯಾಟದವನು.

ಇಲ್ಲಿಗೆ ನಾನು ನಿಲ್ಲಿಸಿದೆ. ನಾಗವೇಣಿಗೆ ಸಮಾಧಾನವಾಗಲಿಲ್ಲ.

"ಅಷ್ಟು ಕಷ್ಟಪಟ್ಟವನು, ನಾನೇ ಎಂದು ಒಂದು ಮಾತು ಹೇಳಬಾರದಿತ್ತೇ ಗುರುಗಳೇ?" ಎಂದಳು.

ಅದಕ್ಕೆ ನಾನು ಕೊಟ್ಟ ಉತ್ತರ ಕೇಳಿ ಅವಳು ಎದ್ದು ಹೋಗಿ ಆನೆಮರಿಯ ಗುಂಡಿಗಳ ಹೆಸರು ತಿದ್ದಲು ಕೂತಳು.

"ಹೇಳಿದ್ದರೆ ಆ ವ್ಯಾಪಾರಿ ಮುದುಕಿಯನ್ನು ಬಿಟ್ಟು ಇವನನ್ನು ನೋಡುತ್ತಿದ್ದ" ಎಂದೆ.