ಎಲ್ಲರ ಮನೆಯಲ್ಲೂ ಎಲ್ಲಕ್ಕಿಂತ ಚೆಂದದ ಮೀನು

ಜಪಾನಿನ ಅರಮನೆಯ ಕೊಳಕ್ಕೆ ಕೋಯಿ ಅನ್ನುವ ಬಣ್ಣದ ಮೀನು ಕಳಿಸುತ್ತಿದ್ದವನು ನಾನೇ. ವರ್ಷಕ್ಕೆರಡು ಸಲ, ವಿಮಾನದಲ್ಲಿ. ಸುಳ್ಳು. ನಾನು ರಾಣೆಬೆನ್ನೂರು ದಾಟಿದ್ದೇ ಮೂರು ಸಲ, ಮೂರು ಸಲವೂ ಬಸ್ಸಿನಲ್ಲಿ. ಆದರೆ ಈ ಕಥೆ ನಿಜ. ಇದರೊಳಗೆ ನಾನು ಹೇಳಿದ ಒಂದು ಸುಳ್ಳು ಮಾತ್ರ ಸುಳ್ಳು.

ನಮ್ಮ ಓಣಿಯಲ್ಲಿ ಮಾಲತೇಶಣ್ಣ ಅಂತ ಒಬ್ಬ ಇದ್ದಾನೆ. ಗಡಿಯಾರ ರಿಪೇರಿ ಅವನ ಕೆಲಸ, ಕೋಯಿ ಮೀನು ಅವನ ಹುಚ್ಚು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಒಂದು ಜೋಡಿ ತಂದು ಬಿಟ್ಟ. ನೀರಿನಲ್ಲಿ ತೆಂಗಿನ ನಾರಿನ ಕಟ್ಟು ಇಳಿಬಿಟ್ಟ. ಒಂದು ಬೆಳಗ್ಗೆ ನಾರಿನ ತುಂಬ ಸಾಬಕ್ಕಿ ಅಂಟಿಸಿದ ಹಾಗೆ ಮೊಟ್ಟೆ. ದೊಡ್ಡ ಮೀನು ತಿಂದುಬಿಡುತ್ತವೆ ಅಂತ ಅವೆರಡನ್ನೂ ಬೇರೆ ಕಡೆ ಇಟ್ಟು ಮರಿಗಳನ್ನು ಸಾಕಿದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಹಳಷ್ಟು ಸತ್ತು ಎಪ್ಪತ್ತು ಉಳಿದವು.

ತೊಟ್ಟಿಯಲ್ಲಿ ಜಾಗವಿದ್ದದ್ದು ಹತ್ತಕ್ಕೆ. ಈ ಹುಚ್ಚಿನವರ ಪದ್ಧತಿ ಏನೆಂದರೆ, ಚೆಂದದವನ್ನು ಆರಿಸಿ ಇಟ್ಟುಕೊಳ್ಳಬೇಕು, ಉಳಿದವನ್ನು ತೆಗೆದುಬಿಡಬೇಕು. ಮಾಲತೇಶಣ್ಣ ಗಡಿಯಾರ ನೋಡುವ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಇಡೀ ದಿನ ಕೂತು ಹತ್ತನ್ನು ಆರಿಸಿದ. ಕೆಂಪು ಕೆಂಪಾಗಿ, ಬಿಳುಪು ಬಿಳುಪಾಗಿ ಇದ್ದವು. ಉಳಿದ ಅರವತ್ತು ಬಕೆಟ್ಟಿನಲ್ಲಿ. ಕೆಲವು ಮಣ್ಣಿನ ಬಣ್ಣ, ಕೆಲವಕ್ಕೆ ಚುಕ್ಕೆ ಸೊಟ್ಟ.

ನಾನು ಹೋದಾಗ ಅವನು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ಚರಂಡಿಗೆ ಸುರಿಯಲು ಕೈ ಬರುವುದಿಲ್ಲ ಅಂದ. ಕೆರೆಗೆ ಬಿಡೋಣವೆಂದರೆ ಈ ಪರದೇಶಿ ಮೀನುಗಳು ನಮ್ಮ ಮೀನುಗಳ ಅನ್ನಕ್ಕೆ ಕಲ್ಲು ಹಾಕುತ್ತವಂತೆ. ಇಲ್ಲೇ ಇಟ್ಟರೆ ಎಪ್ಪತ್ತೂ ಉಸಿರುಗಟ್ಟಿ ಸಾಯುತ್ತವೆ. ಓಣಿಯವರನ್ನು ಕೇಳಿದ್ದನಂತೆ. ನೀ ಬ್ಯಾಡಂತ ಬಿಟ್ಟದ್ದು ನಮಗ್ಯಾಕೋ ಅಂದರಂತೆ ಎಲ್ಲರೂ.

"ಬಕೆಟ್ ನನಗ ಕೊಡೋ ಅಣ್ಣ" ಅಂದೆ.

ನಾನು ಪಕ್ಕದ ಓಣಿಗೆ ಹೋದೆ. ಅವನು ಅಲ್ಲಿ ಕೇಳಿರಲಿಲ್ಲ ನೋಡಿ. ಮನೆಮನೆಗೂ ಹೋಗಿ, ಸ್ಟೀಲ್ ಡಬ್ಬಿಯಲ್ಲಿ ಒಂದೊಂದೇ ಮರಿ ಹಾಕಿ ಕೊಟ್ಟೆ. ಕೊಡುವಾಗ ದನಿ ತಗ್ಗಿಸಿ ಒಂದೇ ಮಾತು: ಮಾಲತೇಶನ ಮೀನುಗಳಲ್ಲೆಲ್ಲ ಚೆಂದದ್ದು ಇದೊಂದೇ, ಬಣ್ಣ ಆಮೇಲೆ ಬರುತ್ತದೆ, ಮಗ್ಗುಲು ಮನೆಯವರಿಗೆ ಹೇಳಬೇಡಿ, ಹೊಟ್ಟೆ ಉರಿದುಕೊಳ್ಳುತ್ತಾರೆ. ಅರವತ್ತು ಮನೆ, ಅರವತ್ತು ಸಲ. ಗಂಟಲು ಕಟ್ಟಿತು.

ಎಂಥ ಉಪಚಾರ ಅಂತೀರಿ! ಮಟನ್ ಅಂಗಡಿಯ ಬಾಬಾಜಾನ್ ತನ್ನ ಮೀನಿಗೆ ಬಿಸಿಲು ತಾಗಬಾರದೆಂದು ತೊಟ್ಟಿಗೆ ಗೋಣಿತಟ್ಟು ಹೊದಿಸಿದ. ಕನ್ನಡ ಶಾಲೆಯ ಅಕ್ಕೋರು ನಲ್ಲಿ ನೀರನ್ನು ಅದರ ಔಷಧದ ವಾಸನೆ ಹೋಗಲೆಂದು ಒಂದು ದಿನ ತೆರೆದಿಟ್ಟು ಆಮೇಲೆ ಹಾಕುತ್ತಿದ್ದರು. ಹೂ ಕಟ್ಟುವ ಸಾವಂತ್ರವ್ವ, ದನ ನೀರು ಕುಡಿಯುತ್ತಿದ್ದ ಹಳೇ ಕಲ್ಲುಬಾನಿಯನ್ನು ತಾನೇ ತಿಕ್ಕಿ ತೊಳೆದು ಮೀನು ಬಿಟ್ಟಳು. ಎಲ್ಲರೂ ಬಾಗಿಲು ಹಾಕಿಕೊಂಡು ಮೀನಿಗೆ ಉಣ್ಣಿಸುವವರೇ. ಅರವತ್ತೂ ಬದುಕಿದವು ಅಂದರೆ ಅತಿಯಾಯಿತು. ಒಂಬತ್ತು ಹೋದವು, ಅದರಲ್ಲಿ ಒಂದನ್ನು ಬೆಕ್ಕು ಒಯ್ದಿತು. ಐವತ್ತೊಂದು ಬೆಳೆದವು.

ಒಂದು ವರ್ಷದ ಮೇಲೆ ರೇಷನ್ ಅಂಗಡಿಯ ಸಾಲಿನಲ್ಲಿ ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ಚೆಂದದ ಮೀನು ನನ್ನದು ಅಂತ ಒಬ್ಬಳು, ನನ್ನದು ಅಂತ ಇನ್ನೊಬ್ಬಳು. ಬಿಡಿಸಲು ಬಂದವರ ಮನೆಯಲ್ಲೂ ಅದೇ ಮೀನು! ಸಾಲಿಗೆ ಸಾಲೇ ಮಾಲತೇಶಣ್ಣನ ಮನೆಗೆ ಹೊರಟಿತು. ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚಿ ಕೂತಿದ್ದ, ನಾನೂ ಅಲ್ಲೇ ಇದ್ದೆ. ಜನ ಕಂಡ ಕೂಡಲೇ ನೀರಿನ ಡ್ರಮ್ಮಿನ ಹಿಂದೆ ಕೂತೆ.

ಪಾಪ, ಮಾಲತೇಶಣ್ಣನಿಗೆ ಏನೂ ಗೊತ್ತಿರಲಿಲ್ಲ. ಜನ ಕನಿಕರದಿಂದ ತೆಗೆದುಕೊಂಡರು ಅಂದುಕೊಂಡಿದ್ದ. ಈಗ ಅವನೂ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ. ಅವು ತಾನು ಬೇಡವೆಂದು ತೆಗೆದಿಟ್ಟ ಮೀನುಗಳು ಅಂತ ಹೇಳಿ ತಲೆ ತಗ್ಗಿಸಿದ. ಅಕ್ಕೋರ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಓಣಿಯಲ್ಲಿ ಗಳಿಸಿದ ಹೆಸರು ಹೋಯಿತು ಅನ್ನುವ ಹಾಗೆ ಅವನ ಮುಖ ಸಣ್ಣದಾಯಿತು. ಕಡೆಗೆ ಅವನು ಎಲ್ಲರಿಗಿಂತ ಹಿರಿಯಳಾದ ಸಾವಂತ್ರವ್ವನನ್ನು ತೊಟ್ಟಿಯ ಹತ್ತಿರ ಕರೆದ.

"ಯವ್ವಾ, ಈ ಹತ್ತರಾಗ ನಿನಗ ಬೇಕಾದ್ದು ತಗೋ. ನಿನ್ನದು ನನಗ ಕೊಡು."

ಸಾವಂತ್ರವ್ವ ಬಗ್ಗಿ ನೋಡಿದಳು. ಹತ್ತೂ ಹೊಳೆಯುತ್ತಿದ್ದವು. ಅವಳು ನೀರಿಗೆ ಕೈ ಇಳಿಸಿದಳು. ಹತ್ತೂ ದಿಕ್ಕಾಪಾಲಾಗಿ ಓಡಿ ಮೂಲೆ ಸೇರಿದವು. ಕೈ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು. ಒಂದೂ ಬರಲಿಲ್ಲ.

"ಇವು ಭಾಳ ಚೆಂದ ಅದಾವಪ್ಪ" ಅಂದಳು. "ಆದ್ರ ನನ್ನ ಮೀನ ನಾ ಹೂವಿನ ಬುಟ್ಟಿ ಕೆಳಗ ಇಡೂ ಸಪ್ಪಳಕ್ಕ ಮ್ಯಾಲೆ ಬರತೈತಿ. ನನ್ನ ಕೈಯಾಗ ತಿಂತೈತಿ. ಅದನ್ನ ಕೊಟ್ಟು ಇದನ್ನ ಒಯ್ದು ಏನ ಮಾಡ್ಲಿ?"

ಸೆರಗಿಗೆ ಕೈ ಒರೆಸಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಬಾಬಾಜಾನ್, ಅವನ ಹಿಂದೆ ಅಕ್ಕೋರು. ಒಬ್ಬರೂ ಮೀನು ಬದಲಾಯಿಸಿಕೊಳ್ಳಲಿಲ್ಲ. ಡ್ರಮ್ಮಿನ ಹಿಂದೆ ನನ್ನನ್ನು ಕಂಡವರು ಇಬ್ಬರು. ಅವರು ಅಂದ ಮಾತು ಮಕ್ಕಳ ಮುಂದೆ ಹೇಳುವಂಥದ್ದಲ್ಲ.

ಎಲ್ಲರೂ ಹೋದ ಮೇಲೆ ಮಾಲತೇಶಣ್ಣ ಕಣ್ಣಿನ ಗಾಜು ತೆಗೆದು ಜೇಬಿಗೆ ಹಾಕಿದ. ಅಂಗಿಯ ತೋಳು ಮಡಚಿ, ತೊಟ್ಟಿಯೊಳಗೆ ಕೈಬಿಟ್ಟು ಕೂತ. ಆವತ್ತು ಯಾವ ಮೀನೂ ಬರಲಿಲ್ಲ. ಮರುದಿನ ಮತ್ತೆ ಕೂತ. ಹದಿನೇಳನೆಯ ದಿನ ಒಂದು ಬಂದು ಅವನ ಬೆರಳು ಮೂಸಿತು.

ನೀತಿ: ಚೆಂದದ್ದನ್ನು ಆರಿಸಿ ಇಟ್ಟುಕೊಂಡರೆ ಅದು ನಮ್ಮದಾಗುವುದಿಲ್ಲ. ನನಗಿರುವುದು ಇದೊಂದೇ ಎಂದು ಸಾಕಿದ್ದು ನಮ್ಮದೂ ಆಗುತ್ತದೆ, ಚೆಂದವೂ ಆಗುತ್ತದೆ. ಮೀನಿಗೂ ಅಷ್ಟೇ, ಮನುಷ್ಯರಿಗೂ ಅಷ್ಟೇ. ಸುಳ್ಳು ಹೇಳಬಾರದು ಎನ್ನುವುದೂ ಒಂದು ನೀತಿಯೇ, ಆದರೆ ಅದನ್ನು ಬೇರೆ ಯಾರಾದರೂ ಹೇಳಲಿ.

ನನ್ನ ಗಂಟಲು ಒಣಗಿತು. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡ್ರಿ.