ಗುಡಿಸಿದರೂ ಹೋಗದ ರಂಗೋಲಿ

ಒಂದಾನೊಂದು ಕಾಲದಲ್ಲಿ, ಮನೆಯೋರು ಬಾಯಿ ಬಿಡೋ ಮೊದಲೇ ಮನೆ ಬಾಗಿಲು ಮಾತಾಡ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಗಂಡ ಬೋರಣ್ಣ, ಬಿದಿರು ಸೀಳಿ ಮೊರ ಹೆಣೆಯೋನು. ಕೆಂಚವ್ವ ದಿನಾ ಕೋಳಿ ಕೂಗೋ ಹೊತ್ತಿಗೆ ಎದ್ದು, ಬಾಗಿಲು ಗುಡಿಸಿ, ನೀರು ಚಿಮುಕಿಸಿ, ಅಕ್ಕಿಹಿಟ್ಟಲ್ಲಿ ರಂಗೋಲಿ ಬಿಡ್ತಿದ್ದಳಂತೆ. ಹಸು ಕರು ಹಾಕಿದ ದಿನ ಪುಟ್ಟ ಪುಟ್ಟ ಗೊರಸು, ಗಂಡನ ಹತ್ರ ಜಗಳ ಆಡಿದ ದಿನ ಮುಳ್ಳು ಮುಳ್ಳು ಬಳ್ಳಿ. ಅದನ್ನ ನೋಡಿ ಓಣಿ ಹೆಂಗಸರು, ಬೋರಣ್ಣ, ಇವತ್ತು ನಿಂಗೆ ಸಪ್ಪೆ ಸಾರೇ ಗತಿ ಕಣಪ್ಪ, ಅಂತ ನಗೋರಂತೆ.

ಒಂದಿನ ಮಾತ್ರ ಅವಳ ಬಾಗಿಲಿಗೆ ನೀರು ಬೀಳಲಿಲ್ಲ, ಎಳೆ ಬೀಳಲಿಲ್ಲ. ಅವಳ ಎಳೇ ಕೂಸು ತೀರಿಹೋಗಿತ್ತು. ಸಾವಿನ ಮನೆ ಮುಂದೆ ರಂಗೋಲಿ ಇಡಬಾರದಲ್ಲ ಮಗಾ. ಕೆಂಚವ್ವ ಯಾರಿಗೂ ಹೇಳಿ ಕಳಿಸಲಿಲ್ಲ, ಆದರೂ ಬಿಸಿಲು ಏರೋ ಹೊತ್ತಿಗೆ ಓಣಿಗೆ ಓಣೀನೇ ಗಂಜಿ ಗಡಿಗೆ ಹಿಡ್ಕೊಂಡು ಬಂದು ಕೂತಿತ್ತಂತೆ.

ಆಮೇಲೆ ಆ ಸೀಮೆಯ ದೊರೆ ಒಂದು ಬೆಳಿಗ್ಗೆ ಆ ದಾರೀಲಿ ಬಂದ. ರಂಗೋಲಿ ನೋಡಿ ಕುದುರೆ ನಿಲ್ಲಿಸಿದ. ಇಂಥದ್ದು ಸಂಜೆಗೆ ಹಾಳಾಗೋದು ಅಂದ್ರೇನು, ಇದು ಹೀಗೇ ಉಳೀಬೇಕು ಅಂತ ಇಬ್ಬರು ಕಾವಲಿನೋರನ್ನ ಕೋಲು ಕೊಟ್ಟು ನಿಲ್ಲಿಸಿದನಂತೆ. ಯಾರೂ ತುಳೀಲಿಲ್ಲ. ಮಾರನೇ ದಿನ ನೋಡಿದರೆ ಇರುವೆ ಸಾಲು ಬಂದು ಹಿಟ್ಟೆಲ್ಲ ಹೊತ್ಕೊಂಡು ಹೋಗಿತ್ತು. ದೊರೆಗೆ ಸಿಟ್ಟು ಬಂತು. ಕೆಂಚವ್ವ ಅಂದಳಂತೆ, ಬುದ್ಧೀ, ಅವು ತಿನ್ಲಿ ಅಂತಲೇ ಅಕ್ಕಿಹಿಟ್ಟಲ್ಲಿ ಬಿಡೋದು.

ಎರಡನೇ ಸಲ ದೊರೆ ಸುಣ್ಣ ಕೊಟ್ಟು ಹಾಕಿಸಿದ. ಬೆಳಿಗ್ಗೆ ಬಂದು ನೋಡಿದರೆ ಬಾಗಿಲು ಚೊಕ್ಕಟವಾಗಿ ತೊಳೆದಿದೆ! ಯಾರೇ ಅಳಿಸಿದೋರು ಅಂದರೆ, ಬೆಳಗಾಯ್ತಲ್ಲ ಬುದ್ಧೀ, ನಾನೇ ಉಜ್ಜಿ ತೊಳೆದೆ, ಅಂದಳಂತೆ ಕೆಂಚವ್ವ.

ಮೂರನೇ ಸಲ ದೊರೆ ಕಲ್ಲುಕುಟಿಗನನ್ನ ಕರೆಸಿ, ಅವಳ ಹೊಸಲ ಮುಂದೆ ದೊಡ್ಡ ಕರೀ ಚಪ್ಪಡಿ ಹಾಸಿಸಿ, ಅವಳು ಬಿಟ್ಟ ಎಳೆಯನ್ನೇ ಕೆತ್ತಿಸಿ, ಒಳಗೆ ಬಿಳೀ ಕಲ್ಲು ತುಂಬಿಸಿದ. ಇನ್ನು ನಿನ್ನ ಕೈಗೆ ಆರಾಮವಾಯ್ತು ನೋಡವ್ವ ಅಂದ. ಕೆಂಚವ್ವ ಕೇಳಿದಳಂತೆ, ಹಂಗಾದ್ರೆ ನಾಳೆ ನಾ ಎಲ್ಲಿ ಬಿಡ್ಲಿ? ನಾಳೆ ಬೇರೆ ಥರಾ ಇದ್ರೆ? ದೊರೆ ನಕ್ಕುಬಿಟ್ಟ.

ಆಮೇಲೆ ಊರೂರಿಂದ ಜನ ಬಂದು ಕೈಮುಗಿದು ಹೋಗೋರಂತೆ. ಕಲ್ಲು ಯಾರೂ ತುಳೀಬಾರದು ಅಂತ ದೊರೆ ಕಾವಲು ಬೇರೆ ಇಟ್ಟಿದ್ದ, ಮುಂಬಾಗಿಲು ತೆಗೆಯೋ ಹಾಗಿಲ್ಲ, ಗಂಡ ಹೆಂಡತಿ ಹಿತ್ತಿಲಲ್ಲೇ ಓಡಾಡಬೇಕು. ಆದರೂ ಕೆಂಚವ್ವ ಕೈ ಸುಮ್ಮನಿರದೆ ಬೆಳಿಗ್ಗೆ ಎದ್ದು ಕಲ್ಲನ್ನೇ ಗುಡಿಸೋಳಂತೆ.

ಆ ಮಾಗೀಲಿ ಚಳಿಜ್ವರ ಬಂತು. ಇಬ್ಬರೂ ಒಂದೇ ದಿನ ಮಲಗಿದರು. ನೀರು ಕೊಡೋಕೆ ಯಾರಿಲ್ಲ, ಕೂಗೋಕೆ ದನಿಯಿಲ್ಲ. ಒಂದಿನ ಆಯ್ತು, ಎರಡು ದಿನ ಆಯ್ತು. ಓಣಿಯೋರು ಹಾದು ಹೋಗ್ತಾ ಬಾಗಿಲು ನೋಡೋರು, ರಂಗೋಲಿ ಫಳಫಳ ಹೊಳೀತಿತ್ತು, ಕೆಂಚವ್ವನಿಗೇನಮ್ಮ, ಸುಖವಾಗಿದ್ದಾಳೆ ಅನ್ನೋರು, ಹೋಗೋರು.

ಮೂರನೇ ದಿನ ಪಕ್ಕದ ಮನೆ ದ್ಯಾವಜ್ಜಿ, ಎರಡೂ ಕಣ್ಣಿಲ್ಲದೋಳು, ಅಂದಳಂತೆ, ಅಲ್ಲಾ ಕಣ್ರೇ, ಮೂರು ದಿನದಿಂದ ಕೆಂಚಿ ಪೊರಕೆ ಸದ್ದೇ ಇಲ್ವಲ್ಲೇ. ಕಣ್ಣಿದ್ದಿದ್ರೆ ಗೊತ್ತಾಗ್ತಿತ್ತು ಮುದುಕಿ, ಬಾಗಿಲು ನೋಡು ಹೆಂಗಿದೆ, ಅಂತ ಸೊಸೆ ಆಡ್ಕೊಂಡಳು. ಅಜ್ಜಿ ಕೇಳಲಿಲ್ಲ. ಗೋಡೆ ಹಿಡ್ಕೊಂಡು ಬಂದು ಕಲ್ಲಿನ ಮೇಲೇ ಕಾಲಿಟ್ಟಳು. ಏಯ್ ತುಳೀಬೇಡ, ಅಂತ ಕಾವಲಿನೋನು ಕೂಗಿದ. ಥೂ ನಿನ್ನ, ಬಾಗಿಲು ಇರೋದು ತುಳಿಯೋಕಲ್ದೆ ಪೂಜೆಗೇನೋ, ಅಂತ ಬೈದು ಕದ ನೂಕಿದಳಂತೆ.

ಒಳಗೆ ಕೆಂಚವ್ವನಿಗೆ ಉಸಿರಿತ್ತು. ಬೋರಣ್ಣನಿಗೆ ಇರಲಿಲ್ಲ ಮಗಾ.

ಓಣಿಯೋರು ಬಾಯಿಗೆ ಸೆರಗು ಒತ್ಕೊಂಡು ಬಂದರು. ಚಟ್ಟ ಕಟ್ಟಿದರು, ಎತ್ತಿದರು, ಹೊಸಲ ತನಕ ಬಂದು ನಿಂತುಬಿಟ್ಟರು. ರಂಗೋಲಿ ಮೇಲೆ ಹೆಣ ದಾಟಿಸೋದು ಹೆಂಗೆ? ಮನೆ ಯಜಮಾನನನ್ನ ಹಿತ್ತಿಲ ಬಾಗಿಲಲ್ಲಿ ಕಳಿಸೋದುಂಟಾ? ಕೆಂಚವ್ವ ತೆವಳ್ಕೊಂಡು ಬಂದು ಒದ್ದೆ ಬಟ್ಟೆ ಹಿಡಿದು ಆ ಕಲ್ಲನ್ನ ಒರೆಸೋಕೆ ಶುರು ಮಾಡಿದಳಂತೆ. ಒರೆಸ್ತಾಳೆ, ಉಜ್ಜುತಾಳೆ, ಉಗುರಲ್ಲಿ ಕೆರೀತಾಳೆ. ಅದು ಇನ್ನೂ ಹೊಳೀತದೆ.

ಅದೇ ಹೊತ್ತಿಗೆ ದೊರೆ, ಪರದೇಶದ ನೆಂಟರಿಗೆ ರಂಗೋಲಿ ತೋರಿಸೋಣ ಅಂತ ಬಂದ. ಬಂದೋನು ಇದನ್ನ ಕಂಡ. ಕುದುರೆ ಇಳಿದು ಅವಳ ಪಕ್ಕ ಕೂತು, ತನ್ನ ಶಲ್ಯ ತೆಗೆದು ತಾನೂ ಒರೆಸಿದನಂತೆ. ರಂಗೋಲಿ ಹೋಗಲಿಲ್ಲ. ಆಮೇಲೆ ಕಲ್ಲುಕುಟಿಗ ಹಾರೆ ತಂದು ಚಪ್ಪಡಿ ಮೀಟಿ ಎಬ್ಬಿಸೋ ಹೊತ್ತಿಗೆ ಹೊತ್ತು ಇಳಿದಿತ್ತು. ಅಲ್ಲೀವರೆಗೂ ಬೋರಣ್ಣ ಹೊಸಲ ಒಳಗೇ ಕಾದ. ಬರೀ ಮಣ್ಣಿನ ಮೇಲೆ ಅವನನ್ನ ದಾಟಿಸಿದರು.

ಆ ಚಪ್ಪಡೀನ ಬೋರಲು ಹಾಕಿ ಬಾವಿಕಟ್ಟೆ ಹತ್ರ ಬಟ್ಟೆ ಒಗೆಯೋಕೆ ಇಟ್ಟರಂತೆ. ಹನ್ನೊಂದು ದಿನ ಬಾಗಿಲು ಬರಿದಾಗಿತ್ತು. ದೊರೆ ಹನ್ನೊಂದು ದಿನವೂ ಬಂದು ಆ ಬರೀ ನೆಲ ನೋಡ್ಕೊಂಡು ನಿಂತು ಹೋದ. ಹನ್ನೆರಡನೇ ದಿನ ನಾಲ್ಕು ಚುಕ್ಕಿ, ಒಂದು ಎಳೆ. ಗಂಡ ಸತ್ತೋಳು ರಂಗೋಲಿ ಬಿಡ್ತಾಳಾ ಅಂತ ಯಾರೋ ಗೊಣಗಿದರೆ, ನಂಗೇನೂ ಕಾಣ್ಸಲ್ಲಪ್ಪ, ಪೊರಕೆ ಸದ್ದು ಕೇಳಿಸ್ತು, ಅಷ್ಟು ಸಾಕು, ಅಂದಳಂತೆ ದ್ಯಾವಜ್ಜಿ. ಆಮೇಲೆ ಇರುವೆಗಳೂ ಬಂದವು. ಒಂದಿನ ಎಳೆ ಸೊಟ್ಟಗಿತ್ತು. ದೊರೆ ಕುದುರೆ ನಿಲ್ಲಿಸಿ, ಯಾಕವ್ವ, ಕೈ ನೋವೇ, ಅಂತ ಕೇಳಿದನಂತೆ. ಹೂಂ ಬುದ್ಧೀ, ಸ್ವಲ್ಪ, ಅಂದಳಂತೆ. ಓಣಿಯೋರು ಒಂದೊಂದು ಹೊತ್ತು ಒಬ್ಬೊಬ್ಬರು ಉಣ್ಣೋಕೆ ಕರೆದರು, ಅವಳೂ ಹೋದಳು, ಹಂಗೇ ದಿನ ಸಾಗಿತು. ಅವರಲ್ಲಿ ಹಾಗಿದ್ದರು, ನಾವಿಲ್ಲಿ ಹೀಗಿದ್ದೀವಿ, ಕತೆ ಮುಗೀತು, ಮಲಗು.

ಏನಂದೆ? ಹೌದು ಮಗಾ, ಎದುರು ಮನೆ ಮಂಜುಳಾಬೆನ್ ಬಾಗಿಲಲ್ಲಿರೋದು ಅಂಟಿಸೋ ಪ್ಲಾಸ್ಟಿಕ್ ರಂಗೋಲೀನೇ. ಅವರನ್ನ ನಾನೂ ನೋಡಿ ನಾಲ್ಕು ದಿನ ಆಯ್ತು. ನನಗೆ ಅವರ ಭಾಷೆ ಬರಲ್ಲ, ಅವರಿಗೆ ನಂದು ಬರಲ್ಲ.

ಏಳು. ಚಪ್ಪಲಿ ಹಾಕ್ಕೊ. ಬಾಗಿಲು ತಟ್ಟಿ ಬಂದು ಮಲಗೋಣ.